ಅಜ್ಜಿಯ ಚಪ್ಪರ ಮತ್ತು ಮೂಗುಬ್ಬಿದ ಹೆಲಿಕಾಪ್ಟರ್

ಮೊದಲು ಒಂದು ಕೆಮ್ಮು, ಆಮೇಲೆ ಇಡೀ ಗದ್ದೆಬಯಲು ತುಂಬುವ ಢಗಢಗ. ಪಿಸ್ಟನ್ ಎಂಜಿನ್ನಿನ ಆ ಹಳೇ ಹೆಲಿಕಾಪ್ಟರ್ ಸ್ಟಾರ್ಟ್ ಆಗುತ್ತಿದ್ದುದು ಹಾಗೆ. ಈಗ ಪಡೀಲಿನ ನನ್ನ ಫ್ಲ್ಯಾಟಿನ ಮೇಲೆ ಹಾರಿಹೋಗುವವು ವೆರಿ ಎಫಿಶಿಯೆಂಟ್, ಆದರೆ ಒಂದಕ್ಕೂ ಮುಖವಿಲ್ಲ. ಅದಕ್ಕೆ ಮುಖವಿತ್ತು. ಉಬ್ಬಿದ ಮೂಗಿನೊಳಗೆ ಎಂಜಿನ್, ಅದರ ಮೇಲೆ ಅಟ್ಟ ಹತ್ತಿ ಕೂತಂತೆ ಪೈಲಟ್, ಕೆಳಗೆ ಹೊಟ್ಟೆಯಲ್ಲಿ ಅದರ ಮೆಕ್ಯಾನಿಕ್, ನನ್ನ ಚಿಕ್ಕಪ್ಪ.

ಚಿಕ್ಕಪ್ಪ ಏರ್‌ಫೋರ್ಸಿನಿಂದ ರಜೆಗೆ ವಾಮಂಜೂರಿನ ಮನೆಗೆ ಬಂದಾಗಲೆಲ್ಲ ಅಜ್ಜಿಯದು ಒಂದೇ ಹಠ: ರೆಕ್ಕೆಯಿಲ್ಲದೆ ಹಾರುವುದನ್ನು ನಂಬಬಾರದು, ಕೆಲಸ ಬಿಟ್ಟು ಬಾ. ತಾಯಿಯ ಮಾತು ಮೀರುವ ಮಗ ಅವರಲ್ಲ. ಆ ಮೆಷೀನನ್ನು ಬಿಟ್ಟು ಬದುಕುವವರೂ ಅಲ್ಲ. ಅದು ಕರಾವಳಿಯ ಸರ್ವೆಗೆ ಬಂದ ವರ್ಷ ಪೈಲಟನ್ನು ಕಾಡಿ ಬೇಡಿ, ಕೊಯ್ಲಾದ ನಮ್ಮ ಗದ್ದೆಯಲ್ಲಿ ಸ್ವಲ್ಪ ಹೊತ್ತು ಇಳಿಸುವುದೆಂದು ಹೇಳಿ ಕಳಿಸಿದರು. ಅಮ್ಮ ಒಮ್ಮೆ ಕಣ್ಣಾರೆ ನೋಡಲಿ ಎಂದು. ಬೇಡದ ನೆಂಟನಾದರೂ ಬಿಸಿಲಲ್ಲಿ ನಿಲ್ಲಿಸುವುದು ನಮ್ಮ ಮನೆಯ ಕ್ರಮವಲ್ಲ. ಅಜ್ಜಿ ಗದ್ದೆಯ ನಟ್ಟನಡುವೆ ತೆಂಗಿನ ಮಡಲಿನ ಚಪ್ಪರ ಹಾಕಿಸಿ, ಮಾವಿನೆಲೆಯ ತೋರಣ ಕಟ್ಟಿಸಿದರು.

ಹೆಲಿಕಾಪ್ಟರ್ ಬಂತು, ಸುತ್ತಿತು, ಮತ್ತೆ ಸುತ್ತಿತು. ಬಾಗಿಲಲ್ಲಿ ಚಿಕ್ಕಪ್ಪ ಎರಡೂ ಕೈ ಬೀಸುತ್ತಿದ್ದರು. ಊರೆಲ್ಲ ಖುಷಿಯಿಂದ ತಿರುಗಿ ಬೀಸಿತು. ಮೊದಲು ಅರ್ಥವಾದದ್ದು ಅಜ್ಜಿಗೆ. "ಅದು ಮೇಲಿಂದ ಇಳಿಯುದಲ್ವಾ? ಚಪ್ಪರ ಕೀಳಿ ಮಾರಾಯ್ರೆ." ಗಂಡಸರು ಕಂಬಗಳನ್ನು ಕಿತ್ತು ಎಳೆದರು, ಉಳಿದ ಮಡಲುಗಳನ್ನು ಅದರ ಗಾಳಿಯೇ ಪಕ್ಕದ ಗದ್ದೆಗೆ ಕೊಂಡುಹೋಯಿತು.

ತಲೆಮೇಲಿನ ಫ್ಯಾನು ನಿಂತ ಮೇಲೆ ಅಜ್ಜಿ ಆ ಬಿಸಿ ಮೂಗನ್ನು ಅಂಗೈಯಲ್ಲಿ ಸವರಿ ಕುಂಕುಮ ಹಚ್ಚಿದರು. ಇದಕ್ಕೆ ಎಂತ ಹಾಕುವುದೆಂದು ಕೇಳಿದರು. ಪೆಟ್ರೋಲ್ ಎಂದರು ಚಿಕ್ಕಪ್ಪ.

"ಹೊಟ್ಟೆ ತುಂಬ ಹಾಕ್ಲಿಕ್ಕೆ ಹೇಳು ನಿನ್ನ ಪೈಲಟಿಗೆ. ಉಪವಾಸ ಕೆಡವಿ ನನ್ನ ಮಗನನ್ನು ಮೇಲೆ ಕೊಂಡುಹೋಗುದು ಬೇಡ."

ಅದೇ ಪರ್ಮಿಷನ್. ಚಿಕ್ಕಪ್ಪ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅದರ ಆಯುಸ್ಸು ಮಾತ್ರ ಚಿಕ್ಕದು, ಪುವರ್ ಥಿಂಗ್. ಬಿಸಿಲೇರಿದರೆ ಭಾರ ಎತ್ತಲು ಏದುಸಿರು ಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಟರ್ಬೈನ್ ಎಂಜಿನ್ನಿನ ಹೊಸವು ಬಂದವು. ಅದನ್ನು ಶೆಡ್ಡಿಗೆ ತಳ್ಳಿದರು. ಚಿಕ್ಕಪ್ಪ ರಜೆಗೆ ಬಂದು ಜಗಲಿಯಲ್ಲಿ ಸೂತಕದವರಂತೆ ಕೂತರು. ಇನ್ನು ಹೋಗುವುದಿಲ್ಲ ಎಂದರು. ಅಜ್ಜಿ ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ಆದರೆ ಅವರು ಮಗನ ಎದುರು ಬಂದು ಕೂತರು. "ಅದು ಹೋಯ್ತು, ಸರಿ. ನಿನ್ನ ಕೈಯ ವಿದ್ಯೆ ಉಂಟಲ್ಲ? ಹೊಸತನ್ನು ನೋಡ್ಲಿಕ್ಕೂ ಜನ ಬೇಕು." ಟ್ರಂಕನ್ನು ತಾವೇ ತುಂಬಿಸಿದರು.

ಮರುವರ್ಷ ಉತ್ತರದ ಯಾವುದೋ ಚಳಿಯೂರಿನಲ್ಲಿ ಜ್ವರ ಬಂದು ಚಿಕ್ಕಪ್ಪ ತೀರಿಕೊಂಡರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ಟ್ರಂಕಿನೊಂದಿಗೆ ಹೊರಟ ಬೆಳಿಗ್ಗೆ, ಬಸ್ಸಿನ ಮೆಟ್ಟಿಲಲ್ಲಿ. ಒಂದು ಕಾಲಿಟ್ಟವರು ಮತ್ತೆ ಇಳಿದು ರಸ್ತೆಯಲ್ಲೇ ಅಜ್ಜಿಯ ಕಾಲು ಮುಟ್ಟಿದರು. "ಹತ್ತು ಮಗಾ," ಎಂದರು ಅಜ್ಜಿ, ಅವರ ಬೆನ್ನನ್ನು ಮೆಲ್ಲಗೆ ಬಸ್ಸಿನ ಕಡೆಗೆ ನೂಕುತ್ತಾ.