ಮಧ್ಯಾಹ್ನದ ಉಸಿರು

ಹೋಟೆಲಿನ ಅಡುಗೆಯವನಿಗೆ ಡಾಕ್ಟರ ಹತ್ತಿರ ಹೋಗಲು ಪುರುಸೊತ್ತು ಸಿಗುವುದು ಯಾವಾಗ ಹೇಳಿ? ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿಗೆ ಒಲೆ ಹಚ್ಚುವುದರೊಳಗೆ. ಮದರಾಸಿನ ಕೋಯಂಬೇಡು ಮಾರ್ಕೆಟ್ ಹಿಂದಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ಐತಪ್ಪನೂ ಹಾಗೇ ಹೋಗುತ್ತಿದ್ದ. ಅದೇ ಅವನಿಗೆ ಮುಳುವಾಯಿತು.

ಕಾಯಿಲೆ ಏನೆಂದರೆ, ಬೆಳಗಿನ ಜಾವ ಎದ್ದ ಕೂಡಲೇ ಉಬ್ಬಸ. ಎದೆಯೊಳಗೆ ಯಾರೋ ಕೂತು ಸೀಟಿ ಊದಿದಂತೆ. ಇಡ್ಲಿ ಪಾತ್ರೆ ಎತ್ತಲು ಹೋದರೆ ಗೋಡೆ ಹಿಡಿದು ನಿಲ್ಲಬೇಕು. ಬಿಸಿಲೇರಿದ ಹಾಗೆ ಎಲ್ಲ ತಣ್ಣಗಾಗುತ್ತಿತ್ತು. ಮಧ್ಯಾಹ್ನ ಗಲ್ಲಿಯ ಕ್ಲಿನಿಕ್ಕಿಗೆ ಹೋದರೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, "ಏನೂ ಇಲ್ಲ, ಗ್ಯಾಸ್ ಇರಬಹುದು" ಎಂದು ಕಳಿಸುತ್ತಿದ್ದರು. ಹೋದಾಗಲೆಲ್ಲ ಅದೇ ಮಾತು.

ಹೋಟೆಲಿನ ಯಜಮಾನ ಜಯಪ್ರಕಾಶ್, ಐತಪ್ಪನ ಹೆಂಡತಿ ರತ್ನಾವತಿಯ ತಮ್ಮ. ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ.

"ಭಾವ, ಬೆಳಿಗ್ಗೆ ಈಗಲೋ ಆಗಲೋ ಅನ್ನುವ ಹಾಗೆ ಮಾಡ್ತೀರಿ, ಸಂಜೆ ಕೂತು ಪಟ್ಟಾಂಗ ಹೊಡೀತೀರಿ. ಇದು ಎಂತ ಕಾಯಿಲೆ ಮಾರಾಯ್ರೆ? ಬೇಗ ಏಳಲಿಕ್ಕೆ ಉದಾಸೀನ ಅಂತ ನೇರ ಹೇಳಿ. ದೀಪಾವಳಿ ಕಳೆದ ಮೇಲೆ ಬೇರೆ ಜನ ನೋಡ್ತೇನೆ."

ಆ ಹೋಟೆಲ್ ಶುರುವಾದಂದಿನಿಂದ ಮೊದಲ ಇಡ್ಲಿ ಇಳಿಸಿದವನಿಗೆ ಆಡುವ ಮಾತಾ ಇದು! ಕೆಲಸ ಹೋಗುವುದಕ್ಕಿಂತ, ಸುಳ್ಳ ಎಂಬ ಹೆಸರು ಹೊತ್ತು ಹೋಗುವುದು ಐತಪ್ಪನಿಗೆ ಸಂಕಟ. ಅವನಿಗೆ ಅನ್ನ ಸೇರದಾಯಿತು. ರತ್ನಾವತಿ ತಮ್ಮನಿಗೂ ಹೇಳಲಾರದೆ ಗಂಡನಿಗೂ ಹೇಳಲಾರದೆ ಒದ್ದಾಡಿ, ಕೊನೆಗೆ ಅವನನ್ನು ಎಳೆದುಕೊಂಡು ಕೀಲ್ಪಾಕಿನಲ್ಲಿ ಎದೆರೋಗ ನೋಡುವ ಡಾಕ್ಟರ್ ಸುಮೇಧಾ ಹತ್ತಿರ ಹೋದಳು. ಆಕೆ ಮದರಾಸಿನಲ್ಲೇ ತಲೆಮಾರುಗಳಿಂದ ಇರುವ ಕನ್ನಡ ವೈಷ್ಣವರ ಮನೆಯವಳು.

"ಕಷ್ಟ ಆಗೋದು ಯಾವಾಗ ಮಾಮಾ?"

"ಬೆಳಗಿನ ಜಾವ."

"ಡಾಕ್ಟರ್ ನೋಡಿದ್ದು?"

"ಮಧ್ಯಾಹ್ನ."

"ಅಡಡಾ! ಮಳೆ ನಿಂತ ಮೇಲೆ ಸೂರು ಸೋರತ್ತಾ ಅಂತ ನೋಡಿದ ಹಾಗಾಯ್ತಲ್ಲ!" ಎಂದು ಆಕೆ ನಕ್ಕಳು. "ಮೈಯೊಳಗೂ ಒಂದು ಗಡಿಯಾರ ಇದೆ ಮಾಮಾ. ರಾತ್ರಿ ಎಲ್ಲರಿಗೂ ಉಸಿರಿನ ನಾಳ ಸ್ವಲ್ಪ ಬಿಗಿಯತ್ತೆ, ಬೆಳಗಿನ ಜಾವಕ್ಕೆ ಇನ್ನೂ ಜಾಸ್ತಿ. ನಮಗೆ ಗೊತ್ತೇ ಆಗಲ್ಲ, ಆಸ್ತಮಾ ಇದ್ದವರನ್ನ ಹಿಡಿದುಬಿಡತ್ತೆ. ಮಧ್ಯಾಹ್ನ ಅದೇ ದಾರಿ ಚೆನ್ನಾಗಿ ತೆರೆದಿರತ್ತೆ. ನಿಮ್ಮದು ಅದೇ ಇರಬೇಕು. ಭಯ ಬೇಡ, ಔಷಧ ಇದೆ."

ತೀರಾ ಕಷ್ಟವಾದರೆ ಎಂದು ಒಂದು ಇನ್ಹೇಲರ್ ಕೊಟ್ಟಳು. ಜೊತೆಗೆ ಉಸಿರಿನ ಜೋರು ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ. ಊದಿದರೆ ಅದರ ಮುಳ್ಳು ಮೇಲೇರುತ್ತದೆ. ಎದ್ದ ಕೂಡಲೆ ಊದಿ, ಮಧ್ಯಾಹ್ನವೂ ಊದಿ ನೋಡಬೇಕು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲೇ ಐತಪ್ಪ ಊದಿದ. ಮುಳ್ಳು ಅರ್ಧಕ್ಕೂ ಬರಲಿಲ್ಲ.

"ಬೇಕೂಂತ ಮೆಲ್ಲ ಊದಿದ್ದು," ಎಂದ ಜಯಪ್ರಕಾಶ್.

ಐತಪ್ಪ ಕಣ್ಣಲ್ಲಿ ನೀರು ಬರುವಷ್ಟು ಊದಿದ. ಮುಳ್ಳು ಮತ್ತೆ ಅಲ್ಲೇ. ಸರಿಯಾಗಿ ನೋಡಲು ಜಯಪ್ರಕಾಶ್ ಹತ್ತಿರ ಬಗ್ಗಿದ, ಬಗ್ಗಿದವನು ಕೈಚಾಚಿ, ಗರಗರ ಸದ್ದು ಮಾಡುತ್ತಿದ್ದ ಗ್ರೈಂಡರ್ ಆರಿಸಿದ. ಭಾವನ ಎದೆಯ ಸೀಟಿ ಅವನಿಗೆ ಕೇಳಿಸಿದ್ದು ಅದೇ ಮೊದಲು. ಹೋಗಿ ಬಿಸಿನೀರು ತಂದುಕೊಟ್ಟ.

ಮಧ್ಯಾಹ್ನ ಎಲ್ಲರೂ ಸುತ್ತ ನಿಂತರು. ಈ ಸಲ ಮುಳ್ಳು ಸರ್ರನೆ ಮೇಲೇರಿತು. ಇನ್ನೆರಡು ಸಲ ಊದಿದರೂ ಹಾಗೇ. ಜಯಪ್ರಕಾಶನ ಮುಖ ಇಷ್ಟೇ ಇಷ್ಟಾಯಿತು.

"ತಪ್ಪಾಯ್ತು ಭಾವ. ನಿಮಗೆ ಹುಷಾರಾಗುವವರೆಗೆ ಬೆಳಗಿನ ಇಡ್ಲಿ ನಾನೇ ಇಡ್ತೇನೆ."

"ನೀನಾ? ಗಿರಾಕಿಗಳ ಹಲ್ಲು ಉಳಿಯುವುದು ಬೇಡವಾ?"

ಎಲ್ಲರೂ ಗೊಳ್ಳೆಂದರು. ಐತಪ್ಪನೂ ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತಲೇ ಹೆಗಲ ಬಟ್ಟೆಯಿಂದ ಕಣ್ಣೊರೆಸಿಕೊಂಡ.

"ನೀವು ಸುಳ್ಳು ಹೇಳುವವರಲ್ಲ ಅಂತ ನನಗೆ ಗೊತ್ತಿತ್ತು," ಎಂದಳು ರತ್ನಾವತಿ.

"ನಿನಗೆ ಗೊತ್ತಿತ್ತು ಮಾರಾಯ್ತಿ," ಎಂದ ಐತಪ್ಪ. "ನನಗೇ ಸಂಶಯ ಬರಲಿಕ್ಕೆ ಶುರುವಾಗಿತ್ತು."