ಅಕ್ಕೋರ ಉಡಿ

ಹೊಸ ಖಣದ ವಾಸನೆ ನಿಮಗೆ ಗೊತ್ತಿರಬೇಕು. ಗಂಜಿ ಹಾಕಿದ ಕುಪ್ಪಸದ ಬಟ್ಟೆ, ಅದರ ಮಡಿಕೆಯಲ್ಲಿ ಅರಿಶಿಣದ ಬೇರು, ಉತ್ತತ್ತಿ, ಒಣ ಕೊಬ್ಬರಿ ಬಟ್ಟಲು... ಎಲ್ಲ ಸೇರಿ ಒಂದು ವಾಸನೆ. ಹೋದ ವಾರ ನಿಡಗುಂದಿ ಕಡೆಯ ಒಂದು ಮನೆಯಲ್ಲಿ ನನಗೆ ಉಡಿ ತುಂಬಿದರು, ಮಡಿಲು ತುಂಬುವುದು ಅನ್ನುತ್ತಾರಲ್ಲ, ಅದೇ. ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿದ್ದೇ ತಡ, ಆ ವಾಸನೆ ಎದ್ದು ಬಂತು. ಅಡುಗೆಮನೆಯಲ್ಲಿ ನಿಂತವಳು ಅಲ್ಲೇ ಕೂತುಬಿಟ್ಟೆ. ಅಕ್ಕೋರು ನೆನಪಾದರು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಅವರಿಗೂ ಒಂದು ಹೆಸರಿತ್ತು, ಆದರೆ ಊರಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಸಿಂದಗಿ ತಾಲೂಕಿನ ನಮ್ಮೂರಿಗೆ ಬಂದರು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬರಿ ಹಣೆ, ನೂಲಿನ ಸೀರೆ, ಗುಡಿಯ ಹಿಂದೆ ಬಾಡಿಗೆಗೆ ಹಿಡಿದ ಒಂದು ಖೋಲಿ. ದನಿ ಮಾತ್ರ ಅಬ್ಬಬ್ಬಾ! ಅವರು ಒಂದನೇ ಇಯತ್ತೆಯವರಿಗೆ ಮಗ್ಗಿ ಹೇಳಿಕೊಟ್ಟರೆ ಪಕ್ಕದ ಹೊಲದಲ್ಲಿ ಕಳೆ ಕೀಳುವವರಿಗೂ ಬಾಯಿಪಾಠ ಆಗುತ್ತಿತ್ತು.

ಅವರದೊಂದು ವಿಚಿತ್ರ ಚಟ. ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕೂತು, ಒಬ್ಬೊಬ್ಬ ಹುಡುಗಿಯನ್ನು ಮುಂದೆ ಕೂಡಿಸಿಕೊಂಡು, ಕೈಯಲ್ಲಿ ಹಣಿಗಿ ಹಿಡಿದು ತಲೆ ನೋಡುತ್ತಿದ್ದರು. ಹೌದ್ರಿ, ಹೇನು! "ಪಗಾರ ತಗೊಂಡು ಹೇನ ಹುಡಕತಾರ ನೋಡವಾ ಈ ಅಕ್ಕೋರು" ಎಂದು ನೀರಿಗೆ ಹೋದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆದರೂ ಸರತಿ ಬಂದಾಗ ಹೋಗಿ ಕೂತುಕೊಳ್ಳುತ್ತಿದ್ದೆವು, ಯಾಕೆಂದರೆ ಆ ಬೆರಳುಗಳು ಕೂದಲಲ್ಲಿ ಓಡಾಡುತ್ತಿದ್ದರೆ ಕಣ್ಣು ಎಳೆಯುವಷ್ಟು ಸುಖ. ಬೆನ್ನು ಅವರ ಕಡೆ, ಮುಖ ಗಿಡದ ಕಡೆ. ಅವರ ಕಣ್ಣು ಕಾಣದು, ನಮ್ಮ ಕಣ್ಣು ಅವರಿಗೆ ಕಾಣದು. ಮನೆಯ ಜಗಳ, ಅಪ್ಪನ ಕುಡಿತ, ಪರೀಕ್ಷೆಯ ಹೆದರಿಕೆ, ಎಲ್ಲ ಅಲ್ಲೇ ಬಾಯಿಗೆ ಬರುತ್ತಿತ್ತು. ಅವರು ಹುಡುಕುತ್ತಿದ್ದುದು ಬರಿ ಹೇನನ್ನಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ನಾನೇ ಅಕ್ಕೋರಾದ ಮೇಲೆ.

ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಪರಊರಿನ ಮಾಸ್ತರು ಒಬ್ಬರೇ ಇದ್ದರೆ ವಾರಕ್ಕೊಂದು ಮನೆಯಿಂದ ಅವರಿಗೆ ಬುತ್ತಿ ಹೋಗಬೇಕು. ಗಂಡುಹುಡುಗರು ದಾರಿಯಲ್ಲೇ ಗಂಟು ಬಿಚ್ಚಿ ತಿಂದಾರು ಎಂದು ಹುಡುಗಿಯರ ಕೈಯಲ್ಲೇ ಕಳಿಸುವುದು. ಅಕ್ಕೋರೂ ಪರಊರಿನವರೇ, ಅವರೂ ಒಬ್ಬರೇ. ಆದರೆ ಅವರಿಗೆ ಯಾರೂ ಬುತ್ತಿ ಕಳಿಸಲಿಲ್ಲ. ಹೆಂಗಸಲ್ಲವೇ, ಮಾಡಿಕೊಂಡು ತಿನ್ನಲಿ!

ಆಗ ಬುತ್ತಿ ಹೋಗುತ್ತಿದ್ದುದು ಲೆಕ್ಕ ಕಲಿಸುವ ಮಾಸ್ತರಿಗೆ. ಸಂಜೆ ಚಾವಡಿಯಲ್ಲಿ ಕೂತು ಹಿರಿಯರಿಗೆ ಪೇಪರು ಓದಿ ಹೇಳುವ ಮನುಷ್ಯ. ಊರಿಗೆ ಊರೇ ಅವರಿಗೆ ಕೈ ಮುಗಿಯುತ್ತಿತ್ತು. ನಮ್ಮ ವಾರ ಬಂತೆಂದರೆ ಅವ್ವ ತೆಳ್ಳಗಿನ ರೊಟ್ಟಿ ಬಡಿದು, ಎಣಗಾಯಿ ಮಾಡಿ, ಶೇಂಗಾ ಹಿಂಡಿ ಇಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ಹೆಮ್ಮೆಯಿಂದ ಕೊಡುತ್ತಿದ್ದಳು, ಪಾಪ.

ಒಂದು ಸಂಜೆ ಬುತ್ತಿ ಇಡಲು ಹೋದಾಗ ಆತ ಬಾಗಿಲು ಮುಂದಕ್ಕೆ ಮಾಡು ಅಂದ. ಕೈ ಹಿಡಿದ. ಯಾರ ಮುಂದೂ ಹೇಳಬೇಡ ಅಂದ. ನಾನು ಬುತ್ತಿ ಅಲ್ಲೇ ಒಗೆದು, ಕೈ ಕೊಸರಿಕೊಂಡು ಓಡಿ ಬಂದೆ. ಇಷ್ಟೇ. ಇಷ್ಟೇ ಎಂದು ಈಗ ಬರೆಯುತ್ತೇನೆ, ಆಗ ಅದು ಇಷ್ಟೇ ಆಗಿರಲಿಲ್ಲ...

ಮರುದಿನ ಹೊಟ್ಟೆನೋವು ಅಂದೆ. ಅದರ ಮರುದಿನವೂ ಅದೇ ಅಂದೆ. "ಮಾಸ್ತರಿಗೆ ಬುತ್ತಿ ಒಯ್ಯಾಕ ನಿನಗೇನ ಧಾಡಿ ಬಂದೈತಿ?" ಎಂದು ಅವ್ವ ಬೈದಳು. ಹೇಳಲು ಬಾಯಿ ಬರಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬಳಿಗೆ ಯಾವನೋ ಸಿಳ್ಳು ಹಾಕಿದ್ದ. ಸಿಳ್ಳು ಹಾಕಿದವನು ಇಸ್ತ್ರಿ ಅಂಗಿ ತೊಟ್ಟು ಸಾಲಿಗೆ ಹೋಗುತ್ತಿದ್ದ, ಅವಳು ಸಾಲಿ ಬಿಟ್ಟು ಕುಡುಗೋಲು ಹಿಡಿದು ಹೊಲಕ್ಕೆ ಹೋಗುತ್ತಿದ್ದಳು. ಬಾಯಿ ಬಿಟ್ಟರೆ ನನ್ನ ಸಾಲಿಯೂ ಅಷ್ಟೇ. ನನಗೆ ಸಾಲಿ ಅಂದರೆ ಜೀವ.

ಬೇವಿನ ಗಿಡದ ಕೆಳಗೆ ನನ್ನ ಸರತಿ ಬಂತು. ಬೆರಳು ಕೂದಲಲ್ಲಿ ಓಡಾಡುತ್ತಿತ್ತು. "ನಿನ್ನ ಬುತ್ತಿ ಬಿಚ್ಚಿ ಉಣವಲ್ಲಿ, ಯಾಕ ತಂಗಿ?" ಎಂದರು. ನಾನು ಗಿಡದ ಬೊಡ್ಡೆಯ ಮೇಲೆ ಹರಿಯುವ ಇರುವೆಗಳಿಗೆ ಹೇಳಿದೆ. ಎಲ್ಲ ಹೇಳಿದೆ. ಬೆರಳು ಒಂದು ಗಳಿಗೆ ನಿಂತವು, ಮತ್ತೆ ಓಡಾಡತೊಡಗಿದವು. ಖರೇ ಏನು ಎಂದು ಅವರು ಕೇಳಲಿಲ್ಲ. ನೀ ಯಾಕ ಒಬ್ಬಾಕಿನ ಹೋದಿ ಎಂದೂ ಕೇಳಲಿಲ್ಲ.

"ನಿಂದೇನೂ ತಪ್ಪಿಲ್ಲವಾ," ಅಂದರು. "ಇನ್ನ ಅಲ್ಲಿ ಹೋಗಬ್ಯಾಡ. ಆದ್ರ ಇದನ್ನ ನಾ ನುಂಗಿಕೊಂಡ ಕುಂದ್ರಾಂಗಿಲ್ಲ. ಹೇಳಬೇಕಾದವರಿಗೆ ಹೇಳ್ತೇನಿ. ನಿಮ್ಮ ಮನಿಗೂ ಬರ್ತೇನಿ."

ಆಗಲೇ ಎದ್ದು ಹೆಡ್ ಮಾಸ್ತರ ಖೋಲಿಗೆ ಹೋದರು. ಒಳಗಿನ ಮಾತು ಹೊರಗೆ ಕೇಳುತ್ತಿತ್ತು. "ಅಕ್ಕೋರ, ಸಾಲಿ ಮರ್ಯಾದಿ ಹೋಗತೈತ್ರಿ," ಎಂದು ಹೆಡ್ ಮಾಸ್ತರು ಸಣ್ಣಗೆ ಅಂದರು. "ಹುಡುಗ್ಯಾರು ಅಂಜಿಕೊಂಡ ಬರೂ ಸಾಲಿಗಿ ಎಲ್ಲಿ ಮರ್ಯಾದಿರಿ?" ಅಕ್ಕೋರಿಗೆ ಸಣ್ಣ ದನಿ ಬರುತ್ತಲೇ ಇರಲಿಲ್ಲ. ಅಲ್ಲಿಂದ ಸೀದಾ ಬಸ್ಸು ಹತ್ತಿ ಸಿಂದಗಿಯ ಶಿಕ್ಷಣ ಇಲಾಖೆಯ ಆಫೀಸಿಗೆ ಹೋದರು.

ಅವರು ತಿರುಗಿ ಬರುವುದರೊಳಗೆ ಸುದ್ದಿ ನಮ್ಮ ಮನೆ ಮುಟ್ಟಿತ್ತು. ಅಪ್ಪ ಹೊಲದಿಂದ ಬಂದವನೇ "ನಾಳಿಂದ ಸಾಲಿ ಬಂದ್" ಅಂದ. ಮುದ್ದೇಬಿಹಾಳದ ನಮ್ಮ ಸೋದರತ್ತೆಯ ಮನೆಗೆ ಕಳಿಸುವುದು, ದೊಡ್ಡವಳಾದ ಮೇಲೆ ಆಕೆಯ ಮಗನಿಗೇ ಕೊಡುವುದು ಎಂದ. ಅಪ್ಪ ಕೆಟ್ಟವನಲ್ಲ. ಸಿಟ್ಟು ಬೆಂಕಿಯಂತೆ ಬಂದಿತ್ತು, ಮಾಸ್ತರ ಮೇಲೆ ಹೋಗುವ ಧೈರ್ಯ ಇರಲಿಲ್ಲ, ಕೈಗೆ ಸಿಕ್ಕವಳು ನಾನು.

ದೀಪ ಹಚ್ಚುವ ಹೊತ್ತಿಗೆ ಅಕ್ಕೋರು ಬಂದರು. ಸೀರೆಯ ಅಂಚೆಲ್ಲ ಬಸ್ಸಿನ ಧೂಳು. ಪಡಸಾಲೆಯಲ್ಲಿ ಕೂತರು. ಅವ್ವ ಚಾ ತಂದಿಟ್ಟಳು, ಅವರು ಮುಟ್ಟಲಿಲ್ಲ.

"ಊರ ಮಂದಿ ಬಾಯಿಗೆ ನೀವು ಕೀಲಿ ಹಾಕ್ತೀರೇನ್ರಿ ಅಕ್ಕೋರ?" ಎಂದ ಅಪ್ಪ, ಗೋಡೆ ನೋಡುತ್ತ.

"ತಪ್ಪ ಮಾಡಿದಂವ ಎದಿ ಉಬ್ಬಿಸಿ ತಿರಗಾಕತ್ತಾನ. ಸಾಲಿ ಬಿಡಾಕಿ ನಿಮ್ಮ ಹುಡುಗಿ. ಇದ್ಯಾವ ಊರ ನ್ಯಾಯರಿ ಯಜಮಾನ್ರ?"

ಅಕ್ಕೋರು ಅವ್ವನ ಕಡೆ ತಿರುಗಿದರು. "ತಂಗಿ, ನಿಮ್ಮ ಹುಡುಗಿನ್ನ ನನ್ನ ಉಡಿಯಾಗ ಹಾಕ್ರಿ. ಮುಂಜಾನಿ ನಾನ ಬಂದು ಕರಕೊಂಡ ಹೋಗ್ತೇನಿ, ಸಂಜಿಕ ನಾನ ತಂದ ಬಿಡ್ತೇನಿ. ಆಕಿಗೆ ಏನರ ಆದ್ರ ನನ್ನ ಕೇಳ್ರಿ."

ಮದುವೆಯಲ್ಲಿ ಮಗಳನ್ನು ಬೀಗರಿಗೆ ಒಪ್ಪಿಸುವಾಗ ಆಡುವ ಮಾತದು. ಅದನ್ನು ಅಕ್ಕೋರು ಸಾಲಿಗೆ ತಂದರು. ಅವ್ವ ಒಳಗೆ ಹೋದಳು. ಡಬ್ಬಿಗಳ ಸಪ್ಪಳ ಕೇಳಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ದೀಪಾವಳಿಗೆಂದು ತನಗೆ ತಂದುಕೊಂಡಿದ್ದ ಹಸಿರು ಖಣ.

"ಸೆರಗ ಒಡ್ಡರಿ ಅಕ್ಕೋರ."

ಗಂಡನಿಲ್ಲದವರಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಮಗ್ಗಿಯನ್ನು ಊರಿಗೇ ಕೇಳುವಂತೆ ಹೇಳುತ್ತಿದ್ದ ಆ ದನಿ ಆಗ ಪಿಸುಮಾತಾಯಿತು. "ನನಗ ಬರೂದಿಲ್ಲವಾ... ನಿಮಗ ಗೊತ್ತೈತೆಲ್ಲ."

"ಗೊತ್ತೈತ್ರಿ. ಒಡ್ಡರಿ," ಎಂದಳು ಅವ್ವ.

ಅವ್ವ ಉಡಿ ತುಂಬಿದಳು. ಆಮೇಲೆ ನನ್ನ ರಟ್ಟೆ ಹಿಡಿದು, ಎಳೆದು, ಅವರ ಪಕ್ಕ ಕೂಡಿಸಿದಳು. ಅಪ್ಪ ಎದ್ದು ರುಮಾಲು ಸುತ್ತಿಕೊಂಡು ಹೊರಗೆ ನಡೆದ. ಒಲ್ಲೆ ಅನ್ನಲಿಲ್ಲ. ಅಕ್ಕೋರು ಆರಿದ ಚಾ ಒಂದೇ ಗುಟುಕಿಗೆ ಕುಡಿದರು.

ಮರುದಿನ ಮುಂಜಾನೆ ಬಾಗಿಲಲ್ಲಿ ಅದೇ ದೊಡ್ಡ ದನಿ: "ನನ್ನ ಉಡಿಯಾಗಿನ ಹುಡುಗಿ ಎದ್ದಾಳೇನ್ರಿ?" ನನಗೋ ನಾಚಿಕೆ! ಓಣಿಗೆಲ್ಲ ಕೇಳುತ್ತಿತ್ತು. ಕೇಳಲೆಂದೇ ಕೂಗುತ್ತಿದ್ದರು. ಕೆಲವು ದಿನಕ್ಕೆ ಬೇರೆ ಹುಡುಗಿಯರೂ ದಾರಿಯಲ್ಲಿ ಕೂಡಿಕೊಂಡರು. ಅವರಲ್ಲಿ ಇಬ್ಬರು ನನ್ನ ಹಾಗೆಯೇ ಸುಮ್ಮನಿದ್ದವರು ಎಂದು ಆಮೇಲೆ ತಿಳಿಯಿತು.

ಆ ಮಾಸ್ತರನನ್ನು ಮೊದಲು ಬೇರೆ ಊರಿಗೆ ಹಾಕಿದರು. ಊರಿನವರಿಗೆ ಸಮಾಧಾನ. ಅಕ್ಕೋರಿಗೆ ಆಗಲಿಲ್ಲ. "ಆ ಊರಾಗ ಇರೂವು ಹುಡುಗ್ಯಾರಲ್ಲೇನು?" ಎಂದು ಮತ್ತೆ ಬಸ್ಸು ಹತ್ತಿದರು. ಅವನ ನೌಕರಿ ಹೋಗುವವರೆಗೂ ಬಿಡಲಿಲ್ಲ. ಊರಿನ ಕೆಲವರು ಅವರ ಜೊತೆ ಮಾತು ಬಿಟ್ಟರು, ಹಾಲು ಹಾಕುವವರು ಹಾಲು ಬಿಟ್ಟರು. ಅವರು ಕರಿ ಚಾ ಕುಡಿದರು, ತಲೆ ನೋಡುವುದು ಮಾತ್ರ ಬಿಡಲಿಲ್ಲ. ನಮ್ಮ ಏಳನೆಯ ಪರೀಕ್ಷೆಯ ದಿನ ಆ ಹಸಿರು ಖಣದ ಕುಪ್ಪಸ ಹೊಲಿಸಿಕೊಂಡು ತೊಟ್ಟು ಬಂದರು. ಊರು ಬಾಯಿ ತೆರೆದು ನೋಡಿತು. ನೋಡಲಿ ಬಿಡಿ!

ಆ ಬೇಸಿಗೆಯಲ್ಲೇ ಅವರಿಗೆ ಇಂಡಿ ತಾಲೂಕಿನ ಲಚ್ಯಾಣದ ಕಡೆ ವರ್ಗವಾಯಿತು. ಅವರ ಟ್ರಂಕು ಹೊತ್ತು ಬಸ್ಸಿಗೆ ಏರಿಸಿದವನು ನಮ್ಮಪ್ಪ. "ಹುಡುಗಿ ಮುಂದ ಕಲೀತಾಳ್ರಿ," ಎಂದ, ಅಷ್ಟೇ. "ಕಲಸಲಿಲ್ಲಂದ್ರ ಇದ ಬಸ್ಸಿಗೆ ತಿರಗಿ ಬರ್ತೇನಿ ನೋಡ್ರಿ," ಎಂದರು ಅಕ್ಕೋರು. ಎಲ್ಲರೂ ನಕ್ಕರು, ನಾನೊಬ್ಬಳೇ ಅತ್ತೆ.

ನೌಕರಿ ಸಿಕ್ಕ ಮೇಲೆ ಹುಡುಕಿಕೊಂಡು ಹೋಗಿದ್ದೆ. ಅವರ ಕಣ್ಣು ಮಂಜಾಗಿದ್ದವು. ನನ್ನನ್ನು ಮುಂದೆ ಕೂಡಿಸಿಕೊಂಡು ಕೂದಲಲ್ಲಿ ಬೆರಳಾಡಿಸಿ, "ಹೇನಿಲ್ಲ ಬಿಡು, ಶಾಣ್ಯಾ ಆಗೀದಿ," ಎಂದು ನಕ್ಕರು. ಇನ್ನೊಂದು ಸಲ ಹೋದಾಗ ಬಾಗಿಲಿಗೆ ಕೀಲಿ ಇತ್ತು. ಬಾಜೂ ಮನೆಯವರು ಹೊರಗೆ ಬಂದು, ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಆಮೇಲೆ ಅಕ್ಕೋರು ತೀರಿಕೊಂಡ ಸುದ್ದಿ ಹೇಳಿದರು.

ಈಗ ಸಾಲಿಗಳಲ್ಲಿ ಮಕ್ಕಳ ರಕ್ಷಣೆಗೆ ಸಮಿತಿ ಇದೆ, ಗೋಡೆಗೆ ಚಿತ್ರಗಳಿವೆ, ದೂರಿನ ಪೆಟ್ಟಿಗೆ ಇದೆ, ಕಾನೂನೂ ಇದೆ. ಎಲ್ಲವೂ ಬೇಕು. ಆದರೆ ನೀ ಯಾಕ ಉಣವಲ್ಲಿ ಎಂದು ಪೆಟ್ಟಿಗೆ ಕೇಳುವುದಿಲ್ಲ. ಹೋದ ತಿಂಗಳು ಒಬ್ಬ ಹುಡುಗಿ, ನಾನು ಅವಳ ಜಡೆ ಹಾಕುತ್ತಿದ್ದಾಗ, ಸಾಲಿಗೆ ಕರೆತರುವ ಗಾಡಿಯವನ ವಿಷಯ ಹೇಳಿದಳು. ದೂರು ಕೊಟ್ಟೆವು, ಪೊಲೀಸರು ಅವನನ್ನು ಹಿಡಿದರು. ಹುಡುಗಿ ಮಾತ್ರ ಸಾಲಿಗೆ ಬರಲಿಲ್ಲ. ಮನೆಗೆ ಹೋದರೆ ಅವಳಪ್ಪನದೂ ಅದೇ ಮಾತು: "ಸಾಲಿ ಸಾಕ್ರಿ ಅಕ್ಕೋರ." ಇಷ್ಟು ವರ್ಷದ ಮೇಲೂ ಅದೇ ಮಾತು! ನನಗೆ ಸಿಟ್ಟು ನೆತ್ತಿಗೇರಿತು. ಕಾನೂನು ಹೇಳಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು, "ನಿಮ್ಮ ಹುಡುಗಿನ್ನ ನನ್ನ ಉಡಿಯಾಗ ಹಾಕ್ರಿ."

ಅವಳ ತಾಯಿ ಒಳಗೆ ಹೋದಳು. ಡಬ್ಬಿಗಳ ಸಪ್ಪಳ ಕೇಳಿತು.

ಆ ಖಣ ಈಗ ನನ್ನ ಮುಂದಿದೆ. ಇದೂ ಹಸಿರೇ. ತೋರಿಸಬೇಕೆಂದರೆ ಅಕ್ಕೋರಿಲ್ಲ. ಇದ್ದಿದ್ದರೆ ಬೆರಳಲ್ಲಿ ಬಟ್ಟೆ ಸವರಿ, "ಬರೇ ನೋಡ್ಕೊಂತ ಕುಂದ್ರಬ್ಯಾಡ, ಹೊಲಿಸಿ ತೊಟ್ಕೋ," ಎಂದು ಗದರುತ್ತಿದ್ದರು. ನಿನ್ನೆ ಹೊಲಿಯಲು ಕೊಡಲು ಹೊರಟವಳು ಕೊಡಲಾರದೆ ತಿರುಗಿ ಬಂದೆ. ವಾಸನೆ ಇನ್ನೂ ಇದೆ. ಒಗೆದರೆ ಹೋಗುತ್ತದೆ.

ಇನ್ನು ಬರೆಯಲು ಹೊತ್ತಿಲ್ಲ. ಬೆಳಗಾಗಿದೆ. ಆ ಹುಡುಗಿ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ನಾನು ಹೋಗಿ ಕೂಗಬೇಕು, ಓಣಿಗೆಲ್ಲ ಕೇಳುವ ಹಾಗೆ.