ಅರ್ಧ ಲೋಟ ಅಕ್ಕಿ

ಲೀಲಾವತಮ್ಮನಿಗೆ ಬಾರದ ವಿದ್ಯೆ ಒಂದೇ ಒಂದಿತ್ತು. ಸ್ವಲ್ಪವೇ ಅಡುಗೆ ಮಾಡುವುದು.

ಉಳಿದದ್ದೆಲ್ಲ ಬರುತ್ತಿತ್ತು. ಮಂಡ್ಯದ ಕಡೆಯವರು, ಮೈಸೂರಿನಲ್ಲಿ ನರ್ಸಿಂಗ್ ಓದಿದವರು. ಗಂಡ ವಿಶ್ವೇಶ್ವರ ಮತ್ತು ಮಗ ಮನೋಜನ ಜೊತೆ ನ್ಯೂಜಿಲೆಂಡಿಗೆ ಬಂದು, ಆಕ್ಲೆಂಡಿನ ವೃದ್ಧಾಶ್ರಮಗಳಲ್ಲಿ ನಿವೃತ್ತಿಯವರೆಗೂ ದುಡಿದವರು. ಅವರು ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಅಲ್ಲಿನ ಮುದುಕರು ಹೇಳುತ್ತಿದ್ದರು. ತಮ್ಮ ಮನೆಯಿದ್ದ ಹಿಲ್ಸ್‌ಬರೋದ ಇಳಿಜಾರು ರಸ್ತೆಗಳಲ್ಲಿ ಕಾರನ್ನು ಹಿಂದಕ್ಕೆ ಓಡಿಸಿ ಸಂದಿಯಲ್ಲಿ ನಿಲ್ಲಿಸುವುದೂ ಬರುತ್ತಿತ್ತು. ಆದರೆ ಒಲೆಯ ಮುಂದೆ ನಿಂತರೆ ಕೈ ತಾನಾಗಿಯೇ ಹತ್ತು ಜನರ ಲೆಕ್ಕ ಹಿಡಿಯುತ್ತಿತ್ತು.

ಅದಕ್ಕೆ ಕಾರಣವೂ ಇತ್ತು ಅನ್ನಿ. ಕರ್ನಾಟಕದಿಂದ ಬರುವ ನರ್ಸುಗಳು ಇಲ್ಲಿನ ಪರೀಕ್ಷೆ ಮುಗಿಸಿ ಕೆಲಸ ಹಿಡಿಯುವವರೆಗೆ ತಂಗಲು ಹುಡುಕುತ್ತಿದ್ದದ್ದು ಇವರ ಮನೆಯನ್ನೇ. ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ಕಲಬುರಗಿಯ ಮುಸ್ಲಿಂ ಹುಡುಗ, ಹಾಸನದ ಬಾಣಂತಿ, ಎಲ್ಲರೂ ಇವರ ದೊಡ್ಡ ಡಬರಿ ಪಾತ್ರೆಯ ಸಾರು ಉಂಡವರು. ವಿಶ್ವೇಶ್ವರ ತಮಾಷೆಯ ಮನುಷ್ಯ. ಡಬರಿಯೊಳಗೆ ಇಣುಕಿ, "ಲೀಲಾ, ಈಜು ಬರ್ದೋರು ಈ ಸಾರಿಗೆ ಇಳೀಬಾರದು" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ಡಬರಿ ಸಣ್ಣದಾಗಲಿಲ್ಲ. ಮಿಕ್ಕಿದ್ದನ್ನು ಪಕ್ಕದ ಮನೆಗಳಿಗೆ ಹಂಚುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗೈಯಿಂದ ಪೇಸ್ಟು ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬಗ್ಗಲಿಲ್ಲ. ನರ್ಸಮ್ಮನಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ, ಲಕ್ವ ಎಂದು ತಾವೇ ತಿಳಿದು, ತಾವೇ ಆಂಬುಲೆನ್ಸಿಗೆ ಫೋನು ಮಾಡಿದರು. ಬೇಗ ಹೋದದ್ದರಿಂದ ಮಾತು ಉಳಿಯಿತು, ನಡಿಗೆ ಉಳಿಯಿತು. ಎಡಗೈ ಮಾತ್ರ ಅರೆ ಮನಸ್ಸಿನ ಕೂಲಿಯಾಳಿನ ಹಾಗೆ ಆಯಿತು. ಹಿಡಿ ಎಂದರೆ ಹಿಡಿಯುತ್ತದೆ, ಯಾವಾಗ ಬಿಡುತ್ತದೋ ಹೇಳಲಾಗದು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಅದು ಬಿಟ್ಟಿತು. ಒಲೆಯ ಮೇಲೆ ಕುದಿಯುತ್ತಿದ್ದ ಡಬರಿಯನ್ನು ಅವರು ಅಭ್ಯಾಸದಂತೆ ಎರಡೂ ಕೈಯಲ್ಲಿ ಇಳಿಸಲು ಹೋದರು. ಸಾರೆಲ್ಲ ಪಾದದ ಮೇಲೆ ಬಿತ್ತು. ಬೊಕ್ಕೆ ಮಾಗುವಷ್ಟರಲ್ಲಿ ಮನೋಜ ಗೋಡೆಯ ಸ್ವಿಚ್ಚಿನಲ್ಲೇ ಒಲೆಯನ್ನು ಆರಿಸಿ, ಅದರ ಮೇಲೆ ಟೇಪು ಅಂಟಿಸಿ ಹೋಗಿದ್ದ.

"ಅವ್ವ, ಸಾಕು. ಬಾಟನಿ ಡೌನ್ಸ್‌ಗೆ ನಮ್ಮನೆಗೆ ಬಂದ್ಬಿಡು. ಕೆಳಗಿನ ರೂಮ್ ಖಾಲಿ ಇದೆ. ವಿಜಯಶ್ರೀನೂ ಅದನ್ನೇ ಹೇಳ್ತಾಳೆ."

"ಅವಳು ಹೇಳ್ತಾಳೆ ಕಣಪ್ಪ, ನನ್ನ ಸೊಸೆ ಒಳ್ಳೇ ಹುಡುಗಿ. ನಾನು ಅಲ್ಲಿ ಹಗಲೆಲ್ಲ ಏನ್ ಮಾಡ್ಲಿ?"

"ಟೀವಿ ನೋಡು. ಮಾಲ್ ಇದೆ, ಓಡಾಡು."

"ಮಾಲ್‌ಗೆ ಕಾರಲ್ಲಿ ಕರ್ಕೊಂಡೋಗೋರು ಯಾರು? ನೀವಿಬ್ರೂ ಕೆಲಸಕ್ಕೆ ಹೋಯ್ತೀರಿ. ಇಲ್ಲಿ ನಾನು ನಡ್ಕೊಂಡು ಬಸ್ಸಿಗೆ ಹೋಯ್ತೀನಿ, ಮೌಂಟ್ ರೋಸ್ಕಿಲ್‌ನಲ್ಲಿ ಸೊಪ್ಪು ತತ್ತೀನಿ, ನನ್ನ ಬಾಗ್ಲಿಗೆ ನಾನೇ ಬೀಗ ಹಾಕ್ತೀನಿ."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಆಸ್ಪತ್ರೆಯ ಕಡೆಯಿಂದ ಒಬ್ಬ ಓಟಿ ಬಂದು ನೋಡುವುದೆಂದು ತೀರ್ಮಾನವಾಯಿತು. ಓಟಿ ಎಂದರೆ, ಕಾಯಿಲೆಯಿಂದ ಎದ್ದವರಿಗೆ ಸ್ನಾನ, ಬಟ್ಟೆ, ಅಡುಗೆಯಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವವರು. ಅವರ ಕಣ್ಣೆದುರಿಗೆ ಲೀಲಾವತಮ್ಮ ತಮ್ಮೊಬ್ಬರಿಗೆ ಒಂದು ಹೊತ್ತಿನ ಊಟ ಮಾಡಿಕೊಂಡು ತೋರಿಸಬೇಕು. ಅಪಾಯವಿಲ್ಲದೆ ಮಾಡಿದರೆ ಹಿಲ್ಸ್‌ಬರೋದ ಮನೆ. ಇಲ್ಲವಾದರೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಬಾಟನಿ ಡೌನ್ಸಿನ ಕೆಳಗಿನ ರೂಮು. ತಾಯಿ ಮಗ ಇಬ್ಬರೂ ಇದಕ್ಕೆ ಒಪ್ಪಿದರು.

ಒಲೆಗೆ ಟೇಪು. ಹಾಗಾದರೆ ಯಾವುದರಲ್ಲಿ ಮಾಡುವುದು? ದಾರಿ ತೋರಿಸಿದವಳು ಮೊಮ್ಮಗಳು ಶ್ರೀನಿಧಿ. ಡನೀಡನ್‌ನಲ್ಲಿ ಓದುವಾಗ ಫ್ಲಾಟಿನ ರೂಮಿನಲ್ಲಿಟ್ಟುಕೊಂಡಿದ್ದ ಒಂದು ಪುಟ್ಟ ಕರೆಂಟಿನ ಕುಕ್ಕರನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಒಂದು ತೆಂಗಿನಕಾಯಿ ಒಳಗೆ ಕೂತರೆ ಮುಚ್ಚಳ ಹಾಕಲಾಗದು, ಅಷ್ಟು ಪುಟ್ಟದು.

"ಇದೇನೇ, ಗೊಂಬೆ ಆಟದ್ದಾ?"

"ಅಜ್ಜಿ, ಇಟ್ಸ್ ಸೋ ಈಸಿ. ಜಸ್ಟ್ ಹಾಫ್ ಅ ಕಪ್ ಆಫ್ ರೈಸ್."

"ಅರ್ಧ ಲೋಟ ಅಕ್ಕಿನ ಯಾರಾದ್ರೂ ಅಡುಗೆ ಅಂತಾರಾ? ಅದು ಕಾಗೆಗೆ ಇಡೋದು."

ಅಂದರೂ ಮಾರನೆಯ ದಿನವೇ ಅಭ್ಯಾಸ ಶುರುಮಾಡಿದರು. ಒದ್ದೆ ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ, ಮೇಜಿನ ಮೇಲಿಟ್ಟು, ಅದರೊಳಗೆ ಅಕ್ಕಿ ತೊಳೆಯುವ ಪಾತ್ರೆಯನ್ನು ಕೂರಿಸಿದರು. ತಲೆಯ ಮೇಲೆ ಬಿಂದಿಗೆ ಹೊತ್ತ ಕಾಲದ ಸಿಂಬಿ ಇಲ್ಲಿ ಕೆಲಸಕ್ಕೆ ಬಂತು. ಎಡಗೈ ಹಿಡಿಯದಿದ್ದರೂ ಪಾತ್ರೆ ತಿರುಗಲಿಲ್ಲ. ಚಾಕುವಿಗೆ ಎರಡು ಕೈ ಬೇಕು. ಅದನ್ನು ಬಿಟ್ಟು ಕತ್ತರಿ ತೆಗೆದುಕೊಂಡರು. ಬ್ಯಾಂಡೇಜು ಕತ್ತರಿಸಿ ಪಳಗಿದ ಬಲಗೈ ಹುರುಳಿಕಾಯಿಯನ್ನು ಟಕಟಕ ಕತ್ತರಿಸಿತು. ಕುಕ್ಕರಿನಲ್ಲೇ ಎಣ್ಣೆ ಕಾಯಿಸಿ ಒಗ್ಗರಣೆ, ಆಮೇಲೆ ಹುರುಳಿಕಾಯಿ, ತೊಳೆದ ಅಕ್ಕಿ, ಒಂದು ಹಿಡಿ ಹೆಸರುಬೇಳೆ, ನೀರು. ಮುಚ್ಚಳ ಹಾಕಿ ಗುಂಡಿ ಒತ್ತಿದರೆ ಅದರ ಪಾಡಿಗೆ ಅದು ಬೇಯುತ್ತದೆ.

ಮೊದಮೊದಲು ಮುದ್ದೆಯಾಯಿತು, ತಳ ಹಿಡಿಯಿತು, ಉಪ್ಪು ಏರಿತು. ಅರ್ಧ ಲೋಟಕ್ಕೆ ಹಾಕುವ ಉಪ್ಪು ಆ ಕೈಗೆ ಗೊತ್ತೇ ಇರಲಿಲ್ಲವಲ್ಲ. ಬರಬರುತ್ತ ಹದ ಸಿಕ್ಕಿತು. ಒಂದು ತಟ್ಟೆಗೆ ಬಡಿಸಿದರೆ ಪಾತ್ರೆ ಖಾಲಿ. ಮಿಕ್ಕಿದ್ದು ಏನೂ ಇಲ್ಲ ಎನ್ನುವುದು ಅವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಯಾರೋ ಉಣ್ಣದೆ ಎದ್ದುಹೋದ ಹಾಗೆ.

ಓಟಿ ಬರುವ ದಿನ ಬಂತು. ಮನೋಜ ರಜೆ ಹಾಕಿ ಬಂದು ಸೋಫಾದಲ್ಲಿ ಕೂತಿದ್ದ. ಬಾಗಿಲು ತಟ್ಟಿದ ಶಬ್ದವಾಯಿತು. ನೋಡಿದರೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿ, ಬೂಟು ಹೊರಗೇ ಬಿಟ್ಟು ನಿಂತಿದ್ದಾಳೆ.

"ನಮಸ್ಕಾರ ಆಂಟಿ. ನಾನು ಅಪೂರ್ವಾ. ಶಿವಮೊಗ್ಗದವಳು, ಮಣಿಪಾಲದಲ್ಲಿ ಓದಿದ್ದು. ಕನ್ನಡದಲ್ಲೇ ಮಾತಾಡ್ಬಹುದಾ?"

ಮನೋಜನ ಮುಖ ಅರಳಿತು. "ಅಯ್ಯೋ, ನಮ್ಮೋರೇ! ಹಾಗಾದ್ರೆ ಪರವಾಗಿಲ್ಲ, ನೀವೇ ಅವ್ವನಿಗೆ ಸ್ವಲ್ಪ ಹೇಳಿ, ನಮ್ಮನೆಗೆ ಬಂದಿರು ಅಂತ…"

"ಲೋ, ಸುಮ್ನೆ ಕೂತ್ಕೊ," ಎಂದರು ಲೀಲಾವತಮ್ಮ. "ನೋಡವ್ವ ಅಪೂರ್ವಾ, ನಮ್ಮ ಕಡೆಯೋಳು ಅಂತ ನೀನು ಸುಮ್ಸುಮ್ನೆ ಪಾಸ್ ಮಾಡ್ಬ್ಯಾಡ. ನಾಳೆ ಸುಟ್ಕೊಳ್ಳೋಳು ನಾನು. ಅವನ ಮಾತು ಕೇಳಿ ಫೇಲೂ ಮಾಡ್ಬ್ಯಾಡ."

ಅಪೂರ್ವಾ ನಕ್ಕಳು. "ಎರಡೂ ಮಾಡಲ್ಲ ಆಂಟಿ. ದಿನಾ ಒಬ್ರೇ ಇದ್ದಾಗ ಏನು ಮಾಡ್ಕೊಳ್ತೀರೋ ಅದನ್ನೇ ಮಾಡಿ. ನಾವಿಬ್ರೂ ಇಲ್ಲಿ ಇಲ್ಲ ಅಂತ ಅಂದ್ಕೊಳ್ಳಿ."

"ಎದುರಿಗೆ ಕೂತಿರೋರನ್ನ ಇಲ್ಲ ಅಂತ ಹೆಂಗವ್ವ ಅಂದ್ಕೊಳ್ಳೋದು?"

ಕೆಲಸ ಚೆನ್ನಾಗಿಯೇ ಶುರುವಾಯಿತು. ಎತ್ತರದ ಸ್ಟೂಲಿನ ಮೇಲೆ ಕೂತು, ಸಿಂಬಿ ಇಟ್ಟು, ಕತ್ತರಿಯಿಂದ ಹುರುಳಿಕಾಯಿ ಕತ್ತರಿಸಿದರು. ಸಾಸಿವೆ ಸಿಡಿಯಿತು. ಅಪೂರ್ವಾ ಕತ್ತರಿ ನೋಡಿ ಹುಬ್ಬೇರಿಸಿದಳು. ಆಮೇಲೆ ಲೀಲಾವತಮ್ಮ ಅರ್ಧ ಲೋಟ ಅಕ್ಕಿ ಅಳೆದು ಹಾಕಿದರು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ತಲೆ ಎತ್ತಿ ನೋಡಿದರೆ ಎದುರಿಗೆ ಶಿವಮೊಗ್ಗದ ಹುಡುಗಿ, ಊಟದ ಹೊತ್ತು, ಸಣಕಲು ಕೈ. ಬೆಳಿಗ್ಗೆ ಏನು ತಿಂದು ಬಂದಳೋ. ಪಕ್ಕದಲ್ಲಿ ಮಗ. ಅಡುಗೆಮನೆಯಲ್ಲಿ ಒಗ್ಗರಣೆಯ ಘಮ ಎದ್ದಿದೆ, ಮನೆಗೆ ಬಂದವರ ಮುಂದೆ ತಾವೊಬ್ಬರೇ ತಟ್ಟೆ ಹಾಕಿಕೊಂಡು ಕೂರುವುದೇ? ಬಲಗೈ ಲೋಟವನ್ನು ಮತ್ತೆ ಅಕ್ಕಿ ಡಬ್ಬಿಗೆ ಇಳಿಸಿತು. ಈ ಸಲ ತುಂಬ ತೆಗೆಯಿತು. ಬೇಳೆಯೂ ಎರಡು ಹಿಡಿ ಜಾಸ್ತಿ. ನೀರು ಪಾತ್ರೆಯ ಕಂಠದವರೆಗೆ ಬಂತು.

ಮನೋಜ ಕೆಮ್ಮಿದ. ಅಪೂರ್ವಾ ಅವನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು.

ಹೆಸರುಬೇಳೆಯ ಗುಣ ನಿಮಗೂ ಗೊತ್ತು. ಕುದಿ ಬಂದರೆ ನೊರೆ ಕಟ್ಟಿಕೊಂಡು ಏರುತ್ತದೆ. ಮುಚ್ಚಳ ಮೊದಲು ಗಡಗಡ ಎಂದಿತು, ಆಮೇಲೆ ಎದ್ದೇಬಿಟ್ಟಿತು. ಹಳದಿ ನೊರೆ ಕುಕ್ಕರಿನ ಮೈಮೇಲಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿತು. ಮನೋಜ ಎದ್ದು ಓಡಿಬಂದ.

"ಕೂತ್ಕೊಳ್ಳಿ ಮನೋಜ್," ಎಂದಳು ಅಪೂರ್ವಾ. ದನಿ ಮೆತ್ತಗಿತ್ತು. ಆದರೂ ಅವನು ಕೂತ.

ಲೀಲಾವತಮ್ಮ ಕುಕ್ಕರನ್ನು ಮುಟ್ಟಲಿಲ್ಲ. ಸ್ಟೂಲಿನಿಂದ ಇಳಿದು, ನೊರೆಯನ್ನು ಸುತ್ತು ಹಾಕಿಕೊಂಡು ಹೋಗಿ, ಮೊದಲು ಗೋಡೆಯ ಸ್ವಿಚ್ಚು ಆರಿಸಿದರು. ಕೊಕ್ಕೆಯಲ್ಲಿದ್ದ ಟವೆಲನ್ನು ನೆಲಕ್ಕೆ ಎಸೆದು ಕಾಲಿನಿಂದ ಒತ್ತಿ ಒರೆಸಿದರು. ಎಡಗೈ ಸಹಾಯಕ್ಕೆ ಅಂತ ಮೇಲೆದ್ದಿತು. "ನೀನು ಸುಮ್ನಿರು," ಎಂದು ಅದಕ್ಕೇ ಹೇಳಿ, ಸೆರಗಿನ ಹಾಗೆ ಹೊದ್ದಿದ್ದ ದುಪಟ್ಟದೊಳಗೆ ಸೇರಿಸಿಕೊಂಡರು. ಮೇಜು ಒರೆಸಿ, ಹಬೆ ಇಳಿಯುವವರೆಗೆ ಕುರ್ಚಿಯಲ್ಲಿ ಕೂತರು. ಆಮೇಲೆ ಸೌಟಿನಿಂದ ಅರ್ಧಕ್ಕಿಂತ ಹೆಚ್ಚನ್ನು ಒಂದು ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದಕ್ಕೆ ಮುಚ್ಚಳ ಹಾಕಿ, ಕುಕ್ಕರಿನ ಮೈ ಒಣಗಿದೆಯೇ ಎಂದು ಮುಟ್ಟಿ ನೋಡಿ, ಸ್ವಿಚ್ಚು ಹಾಕಿದರು.

ಮನೆ ಹೋಯಿತು ಎಂದೇ ಲೀಲಾವತಮ್ಮ ಅಂದುಕೊಂಡಿದ್ದರು.

"ಆಂಟಿ, ದಿನಾ ಇಷ್ಟೇ ಹಾಕ್ತೀರಾ?" ಅಪೂರ್ವಾ ಕೇಳಿದಳು.

"ಇಲ್ಲ ಕಣವ್ವ. ಅರ್ಧ ಲೋಟ."

"ಇವತ್ತು ಯಾಕೆ ಜಾಸ್ತಿ ಆಯ್ತು? ಮರೆತುಹೋಯ್ತಾ?"

ಮರೆತೆ ಎಂದರೆ ಲಕ್ವ ತಲೆಗೂ ತಾಗಿದೆ ಎಂದಾಗುತ್ತದೆ. ಅದು ನರ್ಸಮ್ಮನಿಗೆ ಗೊತ್ತು. ಆದರೆ ನಿಜವೇ ಬೇರೆ ಇತ್ತು. ಅದನ್ನು ಹೇಳಲು ಅವರಿಗೆ ನಾಚಿಕೆಯಾಯಿತು.

"ಮರೀಲಿಲ್ಲ. ನೀನಿದ್ಯಲ್ಲ. ನಿನ್ನ ಬಿಟ್ಟು ಹೆಂಗುಣ್ಲಿ?"

"ನಮ್ಮಜ್ಜಿನೂ ಹೀಗೇ," ಎಂದು ಹೇಳಿ, ಅಪೂರ್ವಾ ಕುರ್ಚಿಯನ್ನು ಮನೋಜನ ಕಡೆ ತಿರುಗಿಸಿಕೊಂಡಳು.

"ನೋಡಿ ಮನೋಜ್, ಉಕ್ಕೋದು ಎಲ್ಲರ ಮನೇಲೂ ಉಕ್ಕತ್ತೆ. ಉಕ್ಕಿದಾಗ ಏನು ಮಾಡ್ತಾರೆ ಅನ್ನೋದನ್ನ ನಾನು ಬೇಕಂತ ಹೇಳಿ ಮಾಡ್ಸಕ್ಕಾಗಲ್ಲ. ಇವತ್ತು ಅದಾಗೇ ನೋಡಕ್ಕೆ ಸಿಕ್ತು. ಮೊದಲು ಕರೆಂಟ್ ತೆಗೆದ್ರು. ಜಾರೋ ಜಾಗ ಒರೆಸಿದ್ರು. ಬಿಸಿ ಪಾತ್ರೆ ಎತ್ತಲಿಲ್ಲ, ಎಡಗೈನ ನಂಬಲಿಲ್ಲ. ಅವತ್ತು ಡಬರಿ ಎತ್ತಿದ ತಪ್ಪನ್ನ ಇವತ್ತು ಮಾಡಿಲ್ಲ. ದೊಡ್ಡ ಒಲೆ ಟೇಪಲ್ಲೇ ಇರ್ಲಿ. ಈ ಕುಕ್ಕರಲ್ಲಿ ಅವರೊಬ್ರೇ ಮಾಡ್ಕೋಬಹುದು ಅಂತ ನಾನು ಬರೀತೀನಿ."

"ಜನ ಬಂದ್ರೆ?" ಮನೋಜ ಬಿಡಲಿಲ್ಲ. "ಇವರ ಮನೆಗೆ ಜನ ಬರ್ದೇ ಇರೋ ದಿನ ಇದ್ಯಾ? ಆಗೆಲ್ಲ ಹೀಗೇ ತುಂಬ್ಸಿ ಉಕ್ಕಿಸ್ತಾರೆ."

ಅದು ಸರಿಯಾದ ಪ್ರಶ್ನೆಯೇ. ಅಪೂರ್ವಾ ಲೀಲಾವತಮ್ಮನ ಮುಖ ನೋಡಿದಳು. ಅಷ್ಟರಲ್ಲಿ ಕುಕ್ಕರಿನ ಗುಂಡಿ ಟಕ್ಕೆಂದು ಮೇಲೆ ಬಂತು. ಬೆಂದಾಗಿತ್ತು. ಲೀಲಾವತಮ್ಮ ಒಂದು ತಟ್ಟೆಗೆ ಬಡಿಸಿ ಅಪೂರ್ವಾಳ ಮುಂದೆ ಇಟ್ಟರು. ಬಟ್ಟಲಿನಲ್ಲಿ ತೆಗೆದಿಟ್ಟ ಅರೆಬೆಂದದ್ದರಲ್ಲಿ ಸ್ವಲ್ಪವನ್ನು ಮತ್ತೆ ಪಾತ್ರೆಗೆ ಹಾಕಿ ಗುಂಡಿ ಒತ್ತಿದರು.

"ಹಿಂಗೆ," ಎಂದರು ಮಗನಿಗೆ. "ತುಂಬ್ಸೋದಿಲ್ಲ. ಒಬ್ರದಾದ್ಮೇಲೆ ಒಬ್ರದು. ಕಾಯ್ಬೇಕಾಯ್ತದೆ, ಕಾಯ್ಲಿ. ನೀನು ಎರಡನೇ ಪಂಕ್ತಿ, ಕೂತ್ಕೊ."

"ಆಂಟಿ, ಕೆಲಸಕ್ಕೆ ಬಂದ ಮನೇಲಿ ನಾವು ಉಣ್ಣೋ ಹಾಗಿಲ್ಲ," ಅಪೂರ್ವಾ ತಟ್ಟೆಯನ್ನು ಮೆಲ್ಲಗೆ ಮನೋಜನ ಕಡೆ ಸರಿಸಿದಳು. "ಇದು ಮನೋಜ್‌ಗೆ. ಎರಡನೇದು ನಿಮಗೆ. ಅದನ್ನ ನೀವು ಉಣ್ಣೋದು ನೋಡ್ಕೊಂಡೇ ನಾನು ಹೋಗೋದು."

ಮನೋಜ ತಾಯಿಯ ಕೈ ಅಡುಗೆ ಉಂಡು ಎಷ್ಟೋ ದಿನವಾಗಿತ್ತು. ಬೇಡ ಎನ್ನುತ್ತಲೇ ಒಂದು ತುತ್ತು ತೆಗೆದುಕೊಂಡ. ಆಮೇಲೆ ಬೇಡ ಎನ್ನಲಿಲ್ಲ. ತಟ್ಟೆ ಖಾಲಿಯಾದಾಗ ಕುಕ್ಕರಿನ ಕಡೆಗೊಮ್ಮೆ ನೋಡಿದ.

"ಇನ್ನೂ ಬೇಕಾದ್ರೆ ಮೂರನೇ ಪಂಕ್ತಿಗೆ ಬಾ," ಎಂದರು ತಾಯಿ.

"ಉಪ್ಪು ಕಮ್ಮಿ," ಎಂದ ಅವನು. ಎದ್ದು ತಟ್ಟೆಯನ್ನು ಸಿಂಕಿನಲ್ಲಿಟ್ಟು, "ಸರಿ ಅವ್ವ. ಇಲ್ಲೇ ಇರು. ಆ ಡಬರಿ ಮಾತ್ರ ನಾನು ತಗೊಂಡು ಹೋಗ್ತೀನಿ," ಎಂದ.

ಡಬರಿ ಕಾರಿನ ಹಿಂದೆ ಕೂತು ಬಾಟನಿ ಡೌನ್ಸಿಗೆ ಹೋಯಿತು. ಹೋಗುವಾಗ ಲೀಲಾವತಮ್ಮ ಬಾಗಿಲಲ್ಲಿ ನಿಂತಿದ್ದರು.

ಮುಂದಿನ ಭಾನುವಾರ ಮಗ, ಸೊಸೆ, ಮೊಮ್ಮಗಳು ಮೂವರೂ ಹಿಲ್ಸ್‌ಬರೋಗೆ ಬಂದರು. ಕುಕ್ಕರು ಅರ್ಧ ಅರ್ಧ ಲೋಟದಂತೆ ಬೇಯಿಸುತ್ತಲೇ ಇತ್ತು. ವಿಜಯಶ್ರೀ ಉಂಡು ತಟ್ಟೆ ತೊಳೆದು ಇಡುವಷ್ಟರಲ್ಲಿ ಮನೋಜನ ಪಾಲು ಬೆಂದಿತ್ತು. ಅವನು ಉಂಡೆದ್ದರೂ ಶ್ರೀನಿಧಿಯದು ಇನ್ನೂ ಕುದಿಯುತ್ತಿತ್ತು.

"ವೈ ಆ್ಯಮ್ ಐ ಲಾಸ್ಟ್, ಅಜ್ಜಿ? ಕುಕ್ಕರ್ ನಂದು!"

"ಅದಕ್ಕೇ ಕಣೇ," ಎಂದರು ಲೀಲಾವತಮ್ಮ, ಕತ್ತರಿಯಿಂದ ಕೊತ್ತಂಬರಿ ಕತ್ತರಿಸಿ ಉದುರಿಸುತ್ತ. "ಕುಕ್ಕರಿನ ಯಜಮಾನಿ ಬಂದೋರೆಲ್ಲ ಉಂಡ್ಮೇಲೆ ಕೂರಬೇಕು."

"ದೆನ್ ವಾಟ್ ಅಬೌಟ್ ಯು?"

"ನಂದು ನಿನ್ನ ಜೊತೆ. ಈ ಸಲ ಒಂದೇ ಒಂದು ಹಿಡಿ ಜಾಸ್ತಿ ಹಾಕಿದೀನಿ. ಉಕ್ಕಲ್ಲ, ನೋಡ್ತಿರು."

ಇಬ್ಬರೂ ಸ್ಟೂಲು ಹತ್ತಿರಕ್ಕೆಳೆದುಕೊಂಡು ಮುಚ್ಚಳದ ಮೇಲೆ ಕಣ್ಣಿಟ್ಟು ಕೂತರು. ಅದು ಉಕ್ಕಲಿಲ್ಲ.